ಹುಡುಗನ ಕಡೆಯವರು

ಬಾಲಮ್ಮ ಹಾದಿಬದಿಯ ಕಲ್ಲಿನ ಮೇಲೆ ಕೂತು, ಸೀರೆಯ ಅಂಚಿಗೆ ಹತ್ತಿದ್ದ ಉತ್ತರಾಣಿ ಮುಳ್ಳುಗಳನ್ನು ಒಂದೊಂದಾಗಿ ಕಿತ್ತು ಎಸೆಯುತ್ತಿದ್ದಳು. ಸಾಬಣ್ಣ ಅವಳ ಬಟ್ಟೆಯ ಗಂಟನ್ನು ಎದೆಗವಚಿಕೊಂಡು ಪಕ್ಕದಲ್ಲಿ ನಿಂತಿದ್ದ. ಕೊನೆಯ ಮುಳ್ಳನ್ನು ಅವಳು ಎಸೆದದ್ದು ಅವನ ಧೋತರದ ಮೇಲೆ.

ಮಾನ್ವಿಯಲ್ಲಿ ಬಸ್ಸು ಇಳಿದಾಗಿನಿಂದ ಅವಳು ಕೇಳಿದ್ದು ಒಂದೇ ಪ್ರಶ್ನೆ. “ನಾ ಬರೋದು ನಿಮ್ಮವ್ವಗ ಹೇಳಿಯೋ ಇಲ್ಲೋ?” ಮೊದಲ ಸಲ ಕೇಳಿದಾಗ ಸಾಬಣ್ಣ ಕೆಮ್ಮಿದ. ಮತ್ತೆ ಕೇಳಿದಾಗ ಮೇಲೆ ನೋಡಿ, “ಮೋಡ ಆಗ್ಯಾದ” ಅಂದ. ಬಿಸಿಲು ತಲೆ ಸುಡುತ್ತಿತ್ತು. ಆಗಿನಿಂದ ಅವಳ ಬಾಯಿ ಮುಚ್ಚಿತ್ತು.

ಇಬ್ಬರೂ ರಾಯಚೂರಿನ ಹತ್ತಿ ಗಿರಣಿಯಲ್ಲಿ ದುಡಿಯುವವರು. ಸಾಬಣ್ಣ ಹತ್ತಿಯ ಮೂಟೆ ಹೊರುತ್ತಿದ್ದ, ಬಾಲಮ್ಮ ಹತ್ತಿಯೊಳಗಿನ ಕಸ ಆರಿಸುತ್ತಿದ್ದಳು. ಅಪ್ಪ ಅವ್ವ ಇಲ್ಲದ ಅವಳನ್ನು ಸಾಕಿದವನು ಮಟಮಾರಿಯ ಸೋದರಮಾವ ಮೌನಪ್ಪ. ಅವನು ಸಾಬಣ್ಣನಿಗೆ ಒಂದೇ ಮಾತು ಹೇಳಿದ್ದ: “ನಿಮ್ಮವ್ವ ಅಪ್ಪ ಬಂದು ಬಾಯಿ ತುಂಬ ಕೇಳಲಿ, ಕೊಡ್ತೀನಿ. ಆದರ ಸೋಮವಾರ ದೇವದುರ್ಗದವರು ಹುಡುಗಿ ನೋಡಾಕ ಬರ್ತಾರ. ಅದರೊಳಗ ಬರಬೇಕು.”

ಅಂದು ಶನಿವಾರ. ತನ್ನ ಬಾಯಿ ಮಾಡಲಾರದ ಕೆಲಸವನ್ನು ಬಾಲಮ್ಮನ ಮುಖ ಮಾಡಲಿ ಎಂದು ಸಾಬಣ್ಣ ಅವಳನ್ನೇ ಹಿರೇಕೊಟ್ನೆಕಲ್ಲಿಗೆ ಕರೆತಂದಿದ್ದ.

ಊರ ಹೊರಗೆ ಮೊದಲು ಎದುರಾದವಳು ಪಕ್ಕದ ಮನೆಯ ಮಾನಮ್ಮ. ಅವಳ ಬುಟ್ಟಿಯಲ್ಲಿ ಸಗಣಿಗಿಂತ ಸುದ್ದಿಯೇ ಹೆಚ್ಚಿರುತ್ತಿತ್ತು.

“ಏನಲೇ ಸಾಬಣ್ಣ, ಈ ಹುಡುಗಿ ಯಾರು?”

ಸಾಬಣ್ಣನ ನಾಲಗೆ ಹೊಸ ಮೆಟ್ಟು ಹಾಕಿಕೊಂಡ ಕಾಲಿನಂತೆ ಎಡವಿತು. “ಈಕಿ... ಈಕಿ ನಮ್ಮ ಬೆಡಗಿನಾಕಿ, ಚಿಗವ್ವಾ.”

ಒಂದೇ ಬೆಡಗಿನವರೆಂದರೆ ಒಂದೇ ವಂಶದ ಬಳ್ಳಿಯವರು, ಅಣ್ಣ ತಂಗಿ ಲೆಕ್ಕ. ಜೊತೆಯಲ್ಲಿ ನಡೆದರೆ ಯಾರೂ ತಪ್ಪು ತಿಳಿಯುವುದಿಲ್ಲ. ಮದುವೆಯಾಗುತ್ತೇವೆ ಅಂದರೆ ಮಾತ್ರ ಊರೇ ಕಲ್ಲು ಹಿಡಿಯುತ್ತದೆ. ಈ ಎರಡನೆಯ ಸಂಗತಿ ಸಾಬಣ್ಣನಿಗೆ ಹೊಳೆಯುವಷ್ಟರಲ್ಲಿ ಮಾನಮ್ಮ ಬುಟ್ಟಿ ಹೊತ್ತು ಊರೊಳಗೆ ಓಡಿಯಾಗಿತ್ತು.

“ತಂಗಿ ಏನು ನಾನು?” ಬಾಲಮ್ಮನಿಗೆ ಕಡೆಗೂ ಮಾತು ಬಂತು.

“ಮನಿಗೆ ಹೋದಕೂಡ್ಲೇ ಖರೇ ಹೇಳ್ತೀನಿ.”

“ಹೇಳು. ನೋಡ್ತೀನಿ ನಾನೂ.”

ಮನೆ ಮುಟ್ಟುವ ಮೊದಲೇ ಸುದ್ದಿ ಮುಟ್ಟಿತ್ತು. ಸಾಬಣ್ಣನ ತಾಯಿ ಬಂಡೆಮ್ಮ ರೊಟ್ಟಿಯ ತುಣುಕು ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಅವಳಿಗೆ ಸಾಬಣ್ಣನೊಬ್ಬನೇ ಮಗ, ಹೆಣ್ಣುಮಕ್ಕಳಿಲ್ಲ. ಪಂಚಮಿ ಹಬ್ಬಕ್ಕೆ ಓಣಿಯ ಮನೆಮನೆಗೂ ಹೆಣ್ಣುಮಕ್ಕಳು ತವರಿಗೆ ಬಂದಾಗ ಅವಳು ಕುರಿಹಟ್ಟಿಗೆ ಹೋಗಿ ಮರಿಗಳ ನಡುವೆ ಕೂತುಬಿಡುತ್ತಿದ್ದಳು. ಈಗ ರೊಟ್ಟಿ ತುಣುಕನ್ನು ಬಾಲಮ್ಮನ ಮುಖಕ್ಕೆ ನಿವಾಳಿಸಿ ಎಸೆದು, “ಬಾರವ್ವ ನನ್ನ ಮಗಳ” ಎಂದು ಕೈ ಹಿಡಿದು ಒಳಗೆ ಕರೆದುಕೊಂಡು ಹೋದಳು. ಮಗ ಹೊಸ್ತಿಲಾಚೆಗೇ ಉಳಿದದ್ದು ಅವಳ ಗಮನಕ್ಕೆ ಬರಲಿಲ್ಲ.

ತಂದೆ ಗದ್ದೆಪ್ಪ ಕಂಬಳಿ ಹೊದ್ದು ಬಂದು ಬಾಲಮ್ಮನನ್ನು ಕುರಿ ಸಂತೆಯಲ್ಲಿ ಟಗರು ನೋಡುವಂತೆ ನೋಡಿದ.

“ಯಾವೂರವ್ವ?”

“ಮಟಮಾರಿ.”

“ಹಂಗನ್ನು! ನಮ್ಮ ದೊಡ್ಡಪ್ಪನ ಮಗ ಉರುಕುಂದಪ್ಪ ಕುರಿ ಹೊಡಕೊಂಡು ಆ ಕಡೀಗೇ ಹೋಗಿದ್ದ, ತಿರುಗಿ ಬರಲೇ ಇಲ್ಲ. ಅವನ ಮೂಗ ಇದು! ಮಾನಮ್ಮ, ನೋಡು ಬೇ!”

ಅಂಗಳದಲ್ಲೇ ಕಾದಿದ್ದ ಮಾನಮ್ಮ ಹತ್ತಿರ ಬಂದು ನೋಡಿದಳು. ಹಿಂದೆಯೇ ಓಣಿಯ ಹೆಂಗಸರೆಲ್ಲ ಬಂದು ನೋಡಿದರು. ಉರುಕುಂದಪ್ಪನನ್ನು ಅವರಲ್ಲಿ ಯಾರೂ ಕಂಡಿರಲಿಲ್ಲ. ಆದರೂ ಮೂಗು ಅವನದೇ ಎಂದು ಎಲ್ಲರೂ ಒಪ್ಪಿದರು.

“ಯಪ್ಪಾ, ಒಂದು ಮಾತು...” ಸಾಬಣ್ಣ ಬಾಯಿ ತೆರೆದ.

“ಮಾತು ಆಮ್ಯಾಲ. ನಿನ್ನ ತಂಗಿಗೆ ಚಾಪಿ ಹಾಸು.”

ಹಾಸಿದ. “ಯವ್ವಾ, ಈಕಿ ಅಂದ್ರ...”

“ಈಕಿ ಹಸಿದಾಳ, ನನಗ ಗೊತ್ತಾಗಂಗಿಲ್ಲೇನು? ಸತ್ತಾರ್ ಸಾಬನ ಅಂಗಡ್ಯಾಗ ಬೆಲ್ಲ ಅದ ಏನು ನೋಡು. ಓಡು!”

ಯುದ್ಧದ ಕಾಲ, ಎಲ್ಲ ಸಾಮಾನಿಗೂ ಬರ, ಬೆಲ್ಲವಂತೂ ಕಣ್ಣಿಗೂ ಬೀಳುತ್ತಿರಲಿಲ್ಲ. ಸಾಬಣ್ಣ ಕಾಡಿ ಬೇಡಿ ಒಂದು ಅಚ್ಚು ತರುವಷ್ಟರಲ್ಲಿ ಮನೆಯಲ್ಲಿ ಬಳೆಗಾರ್ತಿ ಮಹಬೂಬೀ ಕೂತಿದ್ದಳು. ಬಾಲಮ್ಮನ ಕೈಯನ್ನು ಹಿಟ್ಟು ನಾದಿದಂತೆ ನಾದಿ ಹಸಿರು ಬಳೆ ಏರಿಸುತ್ತಿದ್ದಳು.

“ಅಕ್ಕಾ, ಏನು ಸೋಜಿಗ ಇದು?” ಮಹಬೂಬೀ ಕಣ್ಣು ಕಿರಿದು ಮಾಡಿದಳು. “ಆಗಿಂದ ಕೇಳಾಕತ್ತೀನಿ, ನಿಮ್ಮಣ್ಣನ ಹೆಸರೇನವ್ವ ಅಂತ. ‘ಅವರು, ಅವರು’ ಅಂತಾಳ. ಗಂಡನ ಹೆಸರ ಹಿಂಗ ಬಾಯಾಗ ಇಟ್ಟುಕೊಳ್ತಾರ. ಅಣ್ಣನ ಹೆಸರು ಯಾರು ಇಟ್ಟುಕೊಳ್ತಾರ?”

ಬಾಲಮ್ಮನ ಮುಖ ಕೆಂಪಾಯಿತು. ಖರೇ ಹೇಳಲು ಇದಕ್ಕಿಂತ ಒಳ್ಳೆಯ ಸಮಯ ಬರುವುದಿಲ್ಲ ಎಂದು ಸಾಬಣ್ಣನಿಗೂ ತಿಳಿಯಿತು. ಬಾಯಿ ದೊಡ್ಡದಾಗಿ ತೆರೆದ. ಬಂಡೆಮ್ಮ ಅದರೊಳಗೆ ಬೆಲ್ಲದ ಒಂದು ಉಂಡೆ ತುರುಕಿ, “ತಂಗಿ ಬಂದಾಳ, ಬಾಯಿ ಸಿಹಿ ಮಾಡ್ಕೊ” ಅಂದಳು.

“ಪ್ಯಾಟ್ಯಾಗ ದುಡಿಯೋ ಹುಡುಗಿ, ಮರ್ಯಾದಿ ಕಲ್ತಾಳ,” ಎಂದು ಮಾನಮ್ಮ ತೀರ್ಪು ಕೊಟ್ಟಳು. “ನಮ್ಮ ಹುಡುಗೇರಿಗೆ ಅಣ್ಣ ಅಂದ್ರ ಬರೇ ‘ಲೇ’ ಅನ್ನೋದ.”

ಸಾಬಣ್ಣ ಬೆಲ್ಲ ನುಂಗುವಷ್ಟರಲ್ಲಿ ಮಾತು ಬೇರೆ ಕಡೆ ಹೋಗಿತ್ತು. ಬಾಲಮ್ಮ ಮಾತ್ರ ಅವನ ಕಡೆಗೆ ನೋಡಿದ ನೋಟಕ್ಕೆ ಗಿರಣಿಯ ಹತ್ತಿಯೆಲ್ಲ ಹೊತ್ತಿ ಉರಿಯಬೇಕಿತ್ತು.

ದೀಪ ಹಚ್ಚುವ ಹೊತ್ತಿಗೆ ಬಂಡೆಮ್ಮ ಪೆಟ್ಟಿಗೆಯ ತಳದಿಂದ ಒಂದು ರವಿಕೆ ಖಣ ತೆಗೆದಳು. ಹುಟ್ಟದ ಮಗಳಿಗಾಗಿ ಎಂದೋ ಕೊಂಡಿಟ್ಟದ್ದು. ದೇವರ ಮುಂದೆ ಕಂಬಳಿ ಹಾಸಿ ಬಾಲಮ್ಮನನ್ನು ಕೂರಿಸಿದಳು. ಅಕ್ಕಿ ಸಿಗದ ಕಾಲವಾದ್ದರಿಂದ ಜೋಳಕ್ಕೇ ಅರಿಷಿಣ ಹಚ್ಚಿ, ಆ ಖಣ, ಒಣಕೊಬ್ಬರಿ, ಎಲೆ ಅಡಿಕೆ ಸೇರಿಸಿ ಅವಳ ಸೆರಗಿನೊಳಗೆ ಉಡಿ ತುಂಬತೊಡಗಿದಳು. ತುಂಬುತ್ತ ಅವಳ ದನಿ ಒಡೆಯಿತು.

“ಯಪ್ಪಾ ಬೀರಪ್ಪಾ, ಇವತ್ತಿನಿಂದ ಈಕಿ ನನ್ನ ಹೊಟ್ಟ್ಯಾಗ ಹುಟ್ಟಿದ ಮಗಳು.”

ಅಪ್ಪ ಅವ್ವನ ಮುಖ ಕಾಣದೆ ಬೆಳೆದ ಬಾಲಮ್ಮ ಸೆರಗು ಹಿಡಿದುಕೊಂಡೇ ಅಳತೊಡಗಿದಳು. ಹೆಂಗಸರೆಲ್ಲ ಕಣ್ಣು ಒರೆಸಿಕೊಂಡರು. ಕಡೆಯ ಬೊಗಸೆ ಜೋಳ ಸೆರಗಿಗೆ ಬಿದ್ದಾಗ ಸಾಬಣ್ಣನ ಗಂಟಲು ಒಮ್ಮೆಲೇ ತೆರೆಯಿತು.

“ನಿಲ್ಲ ಬೇ ಯವ್ವಾ! ಆಕಿ ನಮ್ಮ ಬೆಡಗಿನಾಕಿ ಅಲ್ಲ! ನಾ ಆಕಿನ್ನ ಮದುವಿ ಆಗ್ಬೇಕಂತ ಕರಕೊಂಡು ಬಂದೀನಿ!”

ಹಟ್ಟಿಯಲ್ಲಿ ಒಂದು ಕುರಿ ‘ಬ್ಯಾ’ ಅಂದಿತು.

ಗದ್ದೆಪ್ಪನೇ ಮೊದಲು ಚೇತರಿಸಿಕೊಂಡ. ಬಾಲಮ್ಮನ ಬೆಡಗು ಕೇಳಿದ. ಅವಳು ಮೂಗು ಒರೆಸಿಕೊಳ್ಳುತ್ತ ಮಾವ ಮೌನಪ್ಪನ ಮಾತನ್ನೂ, ಸೋಮವಾರ ದೇವದುರ್ಗದವರು ಬರುವುದನ್ನೂ, ತನ್ನ ಬೆಡಗನ್ನೂ ಹೇಳಿದಳು. “ಇದು ನಾವು ಹೆಣ್ಣು ಕೊಟ್ಟು ತರೋ ಬೆಡಗು,” ಅಂದ ಗದ್ದೆಪ್ಪ. “ಮದುವಿಗೆ ಅಡ್ಡಿ ಇಲ್ಲ.”

ಸಾಬಣ್ಣ ಬೆಳಗಿನಿಂದ ಹಿಡಿದಿದ್ದ ಉಸಿರು ಬಿಟ್ಟ.

“ಅಡ್ಡಿ ಅದ,” ಅಂದಳು ಬಂಡೆಮ್ಮ. “ದ್ಯಾವರ ಮುಂದ ಮಗಳು ಅಂತ ಉಡಿ ತುಂಬೀನಿ. ತುಂಬಿದ ಉಡಿ ತಿರುಗಿ ಇಸಗೊಳ್ಳಾಕ ಬರ್ತದೇನು?”

“ಬರಾಂಗಿಲ್ಲ,” ಎಂದು ಮನೆ ತುಂಬ ಇದ್ದ ಹೆಂಗಸರು ಒಟ್ಟಿಗೆ ಹೇಳಿದರು.

“ಹಂಗಾದ್ರ ನನ್ನ ಗತಿ?” ಅಂದ ಸಾಬಣ್ಣ.

ಗದ್ದೆಪ್ಪ ಮೀಸೆ ತೀಡಿದ. ಕುರಿಯ ಜಗಳ ಎಷ್ಟೋ ಬಗೆಹರಿಸಿದ ತಲೆ ಅದು. “ಮಗಳು ಮಗಳ. ಅದು ತಪ್ಪಾಂಗಿಲ್ಲ. ನೀನ ಮಗ, ನೀನ ಅಳಿಯ, ಎರಡೂ ಆಗಾಕ ಬರಾಂಗಿಲ್ಲ. ಯಾವುದರ ಒಂದು ಆಗು.”

ಸಾಬಣ್ಣ ಬಾಲಮ್ಮನನ್ನು ನೋಡಿದ. ಆ ದಿನ ಮೊದಲ ಬಾರಿಗೆ ಕೇಳಿದ್ದಕ್ಕೆ ನೆಟ್ಟಗೆ ಉತ್ತರ ಕೊಟ್ಟ. “ಅಳಿಯ ಆಗ್ತೀನಿ.”

“ಆತು. ಹಂಗಾದ್ರ ಹೊರಗ ನಡಿ. ಹೆಣ್ಣು ಕೇಳಾಕ ಬಂದವ ಮೊದಲ ಒಳಗ ಬಂದು ನಿಂದಿರ್ತಾನೇನು? ನಿನ್ನ ಕಡೆ ಹಿರಿಯರನ್ನ ಕರಕೊಂಡು ಮರ್ಯಾದಿಲೆ ಬಾ.”

ಸಾಬಣ್ಣ ಹಿರಿಯರನ್ನು ಹುಡುಕಿ ಹೊರಟ. ಮಾನಮ್ಮನನ್ನು ಕೇಳಿದ. “ನಾ ಮೂಗು ನೋಡಿ ಒಪ್ಪಿದಾಕಿ, ಹುಡುಗಿ ಕಡೆ,” ಅಂದಳು. ಮಹಬೂಬೀ ಬಳೆ ಇಟ್ಟವಳು, ಅವಳೂ ಹುಡುಗಿ ಕಡೆ. ಸತ್ತಾರ್ ಸಾಬ್ ಅಂಗಡಿ ಮುಚ್ಚುತ್ತ, “ಬಂಡೆಮ್ಮಕ್ಕನ ಮಗಳಿಗೆ ನಾ ಮಾಮಾ ಆಗ್ತೀನಿ ನೋಡಪ್ಪ. ಆ ಕಡೆ ಕುಂದ್ರಾಕ ಹೊಂಟೀನಿ,” ಎಂದು ಅವನನ್ನು ದಾಟಿ ಅವನ ಮನೆಗೇ ನಡೆದ.

ಸಾಬಣ್ಣ ಒಬ್ಬನೇ ಬಂದು ಬಾಗಿಲ ಹೊರಗಿನ ಕಟ್ಟೆಯ ಮೇಲೆ ಕೂತ. ಗದ್ದೆಪ್ಪ ರುಮಾಲು ಸುತ್ತಿಕೊಂಡು ಹೊಸ್ತಿಲ ಒಳಗೆ ಕೂತಿದ್ದ.

“ಯಾವೂರು?”

“ಯಪ್ಪಾ, ಇದ ಊರು.”

“ಯಾರ ಮಗ?”

ಸಾಬಣ್ಣ ತಲೆ ಕೆರೆದುಕೊಂಡ. “ಗದ್ದೆಪ್ಪನ ಮಗ.”

“ಮನಿತನ ಚಲೋ ಅದ,” ಎಂದು ಗದ್ದೆಪ್ಪ ತಲೆಯಾಡಿಸಿದ. “ಹುಡುಗನ ಸುದ್ದಿ ಹೆಂಗೋ ಏನೋ.”

“ಹುಡುಗಗ ಬಾಯಿ ಇಲ್ಲ,” ಎಂದಳು ಒಳಗಿನಿಂದ ಬಂಡೆಮ್ಮ. “ಹಾದ್ಯಾಗ ಹೇಳೋ ಮಾತು ಹೊತ್ತು ಮುಣುಗಿದ ಮ್ಯಾಲ ಹೇಳ್ತಾನ. ನಾಳಿ ಸಂತ್ಯಾಗ ಯಾರರ ‘ಈಕಿ ಯಾರು’ ಅಂದ್ರ ಮತ್ತ ತಂಗಿ ಅಂದಾನು! ಇಂಥವನ ಕೈಯಾಗ ನನ್ನ ಮಗಳ್ನ ಹೆಂಗ ಕೊಡ್ಲಿ?”

“ನೀ ಏನಂತೀಯವ್ವ?” ಗದ್ದೆಪ್ಪ ಬಾಲಮ್ಮನನ್ನು ಕೇಳಿದ.

ಸಾಬಣ್ಣ ಕತ್ತು ಉದ್ದ ಮಾಡಿದ. ಬಾಲಮ್ಮ ಹೊಸ ಬಳೆಗಳನ್ನು ಸರಿಪಡಿಸಿಕೊಳ್ಳುತ್ತ ಕಣ್ಣು ಕೆಳಗೆ ಹಾಕಿದಳು.

“ಅವ್ವ ಅಪ್ಪ ಹೆಂಗ ಹೇಳ್ತಾರ ಹಂಗ.”

“ಬಂಗಾರದಂಥ ಮಗಳು!” ಗದ್ದೆಪ್ಪ ಎದ್ದ. “ನಾಳಿ ಮಟಮಾರಿಗೆ ಹೋಗಿ ಮೌನಪ್ಪಗ ಎಲ್ಲಾ ತಿಳಿಸೋಣು. ಸೋಮವಾರ ಆ ದೇವದುರ್ಗದ ಹುಡುಗನ್ನೂ ಒಂದು ಸಲ ನೋಡಿಬಿಡೋಣು. ಒಬ್ಬನ್ನ ನೋಡಿ ಯಾರರ ಮಗಳ್ನ ಕೊಡ್ತಾರೇನು?”

ಒಳಗೆ ಎಲೆ ಹಾಕಿದರು. ಹುಗ್ಗಿಯ ವಾಸನೆ ಬಾಗಿಲು ದಾಟಿ ಬಂತು. ಹೆಣ್ಣು ಕೇಳಲು ಬಂದವರು ಮಾತು ಮುಗಿಯುವ ತನಕ ಹೆಣ್ಣಿನ ಮನೆಯಲ್ಲಿ ನೀರಿನ ಹೊರತು ಏನನ್ನೂ ಬಾಯಿಗೆ ಹಾಕುವಂತಿಲ್ಲ. ಬೆಳಗಿನಿಂದ ಸಾಬಣ್ಣನ ಹೊಟ್ಟೆಗೆ ಹೋದದ್ದು ಆ ಬೆಲ್ಲವೊಂದೇ. ಗಂಟಲು ಒಣಗಿ ಹತ್ತಿಯಾಗಿತ್ತು.

“ಯವ್ವಾ,” ಎಂದು ಕರೆದ. ಒಳಗೆ ಬಳೆಗಳ ಸದ್ದು, ನಗು. ಯಾರೂ ಓಗೊಡಲಿಲ್ಲ.

ಸಾಬಣ್ಣ ರುಮಾಲು ನೆಟ್ಟಗೆ ಮಾಡಿಕೊಂಡು, ಕಟ್ಟೆಯಿಂದ ಕೆಳಗಿಳಿದು, ಕೈ ಜೋಡಿಸಿ ನಿಂತ.

“ಅತ್ತೀ, ಒಂದು ತಂಬಿಗಿ ನೀರು ಕೊಡ್ರಿ.”