ನಮ್ಮ ಟಾಕೀಸಿನ ಕೊನೇ ಮ್ಯಾಟ್ನಿ

ನಾನಿದ್ದ ಕಡೆ ಯಾವುದೂ ನೆಟ್ಟಗೆ ನಡೆಯಲ್ಲ. ಇದು ನನ್ನ ಮಾತಲ್ಲ, ಹತ್ತನೇ ಕ್ಲಾಸಿನಿಂದ ನನ್ನ ಹೊರಗೆ ಕಳಿಸಿದ ಹೆಡ್‌ಮಾಸ್ಟರ್ ಮಾತು. ಆದರೆ ಭದ್ರಾವತಿ ಓಲ್ಡ್ ಟೌನಿನ ನಮ್ಮ ಟಾಕೀಸು ಮುಚ್ಚಿದ್ದು ಮಾತ್ರ ನನ್ನ ಕೆಲಸ ಅಲ್ಲ. ನಮ್ಮಜ್ಜ ಫ್ಯಾಕ್ಟರಿ ಶಿಫ್ಟ್ ಮುಗಿಸಿ, ಗ್ರೀಸ್ ಕೈಯಲ್ಲೇ ಬಂದು ಕೂರ್ತಿದ್ದ ಜಾಗ ಅದು. ಈಗ ಅಲ್ಲಿ ಕಲ್ಯಾಣ ಮಂಟಪ ಕಟ್ತಾರಂತೆ. ಊರಲ್ಲಿ ಮದುವೆ ಆಗೋಕೆ ಬೇರೆ ಜಾಗ ಇಲ್ವಾ? ಹೊಟ್ಟೆ ಉರೀತಿದೆ. ಆರೋವರೆಗೂ ಬರೀತೀನಿ.

ಇಂಟರ್‌ವಲ್ ಗಿರಾಕಿ

ನಮ್ಮ ಟಾಕೀಸಲ್ಲಿ ಇಂಟರ್‌ವಲ್ ಬಿಟ್ಟಾಗ ಜನ ಎದುರಿನ ಟೀ ಅಂಗಡಿಗೆ ಹೋಗಿ, ಬೆಲ್ ಹೊಡೆದ ಕೂಡಲೇ ಗುಂಪಾಗಿ ವಾಪಸ್ ನುಗ್ತಿದ್ರು. ಆಗ ಯಾರೂ ಟಿಕೆಟ್ ಕೇಳ್ತಿರಲಿಲ್ಲ. ನಾನು ಟೀ ಅಂಗಡಿಯಲ್ಲೇ ಕಾದಿದ್ದು, ಕುಡಿಯದ ಟೀಗೆ ಬಾಯಿ ಒರೆಸ್ಕೊಂಡು ಅವರ ಜೊತೆ ಒಳಗೆ ಹೋಗ್ತಿದ್ದೆ. ಹೀಗಾಗಿ ಹೀರೋ ಯಾಕೆ ಹೊಡೀತಾನೆ ಅನ್ನೋದು ನಂಗೆ ಯಾವತ್ತೂ ಗೊತ್ತಾಗಿಲ್ಲ. ಹೊಡೀತಾನೆ, ಅಷ್ಟೇ.

ಒಂದಿನ ಗೇಟಿನ ಚಾಚಾ ಕಾಲರ್ ಹಿಡಿದರು. ಮೂವತ್ತು ವರ್ಷದಿಂದ ಅದೇ ಬಾಗಿಲಲ್ಲಿ ನಿಂತು ಟಿಕೆಟ್ ಹರಿಯೋರು.

"ಇಂಟರ್‌ವಲ್‌ಗೆ ಮುಂಚಿನ ಕಥೆ ಹೇಳೋ, ನೋಡೋಣ."

ಧೈರ್ಯವಾಗಿ ಒಂದು ಕಥೆ ಬಿಟ್ಟೆ. ಹೀರೋಯಿನ್ ಅಪ್ಪ ಸ್ಮಗ್ಲರ್, ಹೀರೋ ಅಮ್ಮ ಜೈಲಲ್ಲಿ, ನಿಜ ಏನು ಅಂತ ಗೊತ್ತಿರೋದು ನಾಯಿಯೊಂದಕ್ಕೇ. ಚಾಚಾ ಬಾಯಿ ತೆರೆದು ಕೇಳಿದರು. ಕಾಲರ್ ಬಿಟ್ಟರು.

"ನಾಯಿಗೆ ಹೆಂಗೆ ಗೊತ್ತಾಯ್ತು?"

"ಚಾಚಾ, ನೀವು ಸಿನಿಮಾ ನೋಡಿಲ್ವಾ?"

"ಬಾಗಿಲು ಬಿಟ್ಟು ಕದಲೋ ಹಾಗಿಲ್ಲ ಮಾರಾಯ. ಕರ್ಟನ್ ಸಂದೀಲಿ ಹೀರೋನ ಒಂದು ಕಾಲು ಕಾಣತ್ತೆ. ಒಂದ್ಸಲ ಬಾಲ್ಕನಿಯಲ್ಲಿ ಕೂತು, ಶುರುವಿಂದ ಕೊನೇವರೆಗೆ ನೋಡ್ಬೇಕು. ಅದೊಂದೇ ಆಸೆ ಉಳಿದಿರೋದು."

ಅವತ್ತಿಂದ ನೋಡದ ಅರ್ಧದ ಕಥೆ ಕಟ್ಟಿ ಹೇಳೋದು ನನ್ನ ಡ್ಯೂಟಿ ಆಯ್ತು. ಒಂದು ದೇವರ ಸಿನಿಮಾ ಬಂದಾಗಂತೂ ಚಾಚಾ ಪೂರ್ತಿ ಕೇಳಿ ಮುಖ ಬಾಡಿಸ್ಕೊಂಡರು. "ಇದ್ರಲ್ಲಿ ನಾಯಿ ಇಲ್ವಾ?"

ಶಿವಮೊಗ್ಗದ ಎಸಿ

ಟಾಕೀಸು ಖಾಲಿ ಹೊಡೀತಿದ್ದದ್ದು ಯಾಕೆ ಅಂದ್ರೆ, ನಮ್ಮೂರೋರೆಲ್ಲ ಶಿವಮೊಗ್ಗದ ಮಾಲಿನ ಎಸಿ ಥಿಯೇಟರಿಗೆ ಬಸ್ ಹತ್ತಿ ಹೋಗ್ತಿದ್ರು. ಏನಿದೆ ಅಲ್ಲಿ ನೋಡೇಬಿಡೋಣ ಅಂತ ಮಾವನ ಜೊತೆ ನಾನೂ ಹೋದೆ. ಬಾಗಿಲಲ್ಲೇ ನನ್ನ ಶೇಂಗಾ ಪೊಟ್ಟಣ ಕಿತ್ಕೊಂಡರು. ಬಾಂಬ್ ಸಿಕ್ಕಿದ ಹಾಗೆ ಎರಡೇ ಬೆರಳಲ್ಲಿ ಎತ್ತಿ ಡಬ್ಬಿಗೆ ಹಾಕಿದರು.

ಹೀರೋ ಬಂದ. ನಾನು ನಮ್ಮ ಟಾಕೀಸಿನ ಬೆಂಚಿನ ಅಭ್ಯಾಸದಲ್ಲಿ ಸೀಟಿನ ಮೇಲೆ ಹತ್ತಿ ವಿಷಲ್ ಹೊಡೆದೆ. ಇಡೀ ಹಾಲಲ್ಲಿ ನಂದೊಂದೇ. ಕೋಟು ಹಾಕಿದ ಹುಡುಗ ಟಾರ್ಚ್ ಹಿಡಿದು ಓಡಿ ಬಂದ.

"ಸರ್, ಏನಾಯ್ತು? ಡಾಕ್ಟರ್ ಕರೀಲಾ?"

ಅಳೋಕೆ ಬಂದೋರು

ಟಾಕೀಸು ಮುಚ್ಚತ್ತೆ ಅಂತ ಸುದ್ದಿ ಆಗಿದ್ದೇ ತಡ, ಇಷ್ಟು ವರ್ಷ ಈ ಕಡೆ ತಲೆ ಹಾಕದವರೆಲ್ಲ ಮೊಬೈಲ್ ಹಿಡ್ಕೊಂಡು ರೀಲ್ ಮಾಡೋಕೆ ಬಂದರು. ಶಿವಮೊಗ್ಗ ಕೋಟೆ ಕಡೆಯಿಂದ ಒಬ್ಬ ದೊಡ್ಡ ಮನುಷ್ಯರು ಕಾರಲ್ಲಿ ಇಳಿದು, ಗೋಡೆ ಸವರಿ, "ನನ್ನ ಬಾಲ್ಯವೇ ಇಲ್ಲಿದೆ" ಅಂದರು.

"ಇಲ್ಲಿ ಕೊನೇ ಸಲ ಯಾವಾಗ ನೋಡಿದ್ರಿ ಸಾರ್?"

"ಎಲ್ಲಿ ಟೈಮಪ್ಪ? ಈಗೆಲ್ಲ ಮನೇಲೇ ಟೀವೀಲಿ."

ನಂಗೆ ರೇಗಿತು. ನಗ್ತಾ ಮುಂದಿನ ಸಾಲಿಗೆ ಕರ್ಕೊಂಡು ಹೋದೆ. "ಸಾರ್, ನಿಮ್ಮ ಕಾಲದ ಬೆಂಚು ಇದೇ. ಕೂತ್ಕೊಂಡು ಮಾತಾಡಿ, ರೀಲ್ ಚೆನ್ನಾಗಿ ಬರತ್ತೆ."

ಬೆಂಚಿನ ತಿಗಣೆಗಳು ಗಿರಾಕಿ ಕಾಣದೆ ತಿಂಗಳಾಗಿತ್ತು. ಎರಡನೇ ವಾಕ್ಯಕ್ಕೆ ಅವರ ದನಿ ನಡುಗಿತು, ಮೂರನೇದಕ್ಕೆ ಮೈಯೆಲ್ಲ ಅದುರಿತು, ನಾಲ್ಕನೇದಕ್ಕೆ ಕಣ್ಣಲ್ಲಿ ನೀರು. ಆ ರೀಲ್ ಈಗಲೂ ಓಡ್ತಿದೆ. ಕೆಳಗಡೆ ಬರೆದಿದ್ದಾರೆ: "ನೆನಪುಗಳು ಕಚ್ಚುತ್ತವೆ ಎಂದರೆ ಇದೇ."

ಟಿಕೆಟ್ ಎಲ್ಲಿ?

ಕೊನೇ ದಿನ ಮ್ಯಾಟ್ನಿ. ಓನರ್ ಸಾಹೇಬ್ರು ಚಾಚಾಗೆ ಮಾತು ಕೊಟ್ಟಿದ್ದರು: ಇವತ್ತು ಗೇಟಿಗೆ ಬೇರೆಯವರು, ನೀನು ಬಾಲ್ಕನಿ ಮೊದಲ ಸಾಲಲ್ಲಿ ಮಧ್ಯಕ್ಕೆ ಕೂರು. ಚಾಚಾ ಇಸ್ತ್ರಿ ಶರ್ಟ್, ಅತ್ತರು, ಎಲ್ಲಾ ಹಾಕ್ಕೊಂಡು ಬಂದು ಲೈನಲ್ಲಿ ನಿಂತು ಟಿಕೆಟ್ ತಗೊಂಡರು. ಗೇಟಲ್ಲಿ ಹೊಸಬ ಕೈ ಚಾಚಿದರೆ ಕೊಡಲಿಲ್ಲ. ತಾವೇ ಹರಿದು, ಅರ್ಧ ಅವನಿಗೆ ಕೊಟ್ಟು, ಅರ್ಧ ಜೇಬಿಗೆ ಹಾಕ್ಕೊಂಡರು. ನಾನು ಪಕ್ಕದ ಸೀಟು. ಜೀವನದಲ್ಲಿ ಮೊದಲ ಸಲ ನನ್ನ ದುಡ್ಡಲ್ಲಿ ಟಿಕೆಟ್ ತಗೊಂಡಿದ್ದೆ.

ಇನ್ನೇನು ಶುರು ಆಗ್ಬೇಕು, ಶಾಲು ಹಾರದ ಜೊತೆ ಒಬ್ಬ ಲೀಡರ್ ಅಣ್ಣ, ಹಿಂದೆ ಹತ್ತು ಜನ ಬಾಲ್ಕನಿಗೆ ನುಗ್ಗಿದರು. ವಿದಾಯ ಸಮಾರಂಭವಂತೆ. ಓನರೇ ಬಂದು ಬಗ್ಗಿ ಹೇಳಿದರು, "ಚಾಚಾ, ಸ್ವಲ್ಪ ಏಳು. ಅಣ್ಣ ಕೂರ್ಬೇಕು. ನೀನು ಬಾಗಿಲಲ್ಲಿ ನಿಂತು ನೋಡು, ನಿಂಗೆ ಅಭ್ಯಾಸ ಇದೆಯಲ್ಲ."

ಚಾಚಾ ಎದ್ದೇಬಿಟ್ಟರು! ನನ್ನ ತಲೆ ಸುಟ್ಟುಹೋಯ್ತು. ಭಾಷಣಕ್ಕೆ ಅಂತ ತಂದಿದ್ದ ಮೈಕ್ ಕಿತ್ಕೊಂಡು ಕೂಗಿದೆ: "ಟಿಕೆಟ್ ಚೆಕಿಂಗ್ ಇದೆ! ಎಲ್ಲರೂ ಟಿಕೆಟ್ ಕೈಯಲ್ಲಿ ಹಿಡ್ಕೊಳ್ಳಿ!"

ಕೆಳಗಿನವರೆಲ್ಲ ಟಿಕೆಟ್ ಎತ್ತಿ ಹಿಡಿದು ವಿಷಲ್ ಹೊಡೆದರು. ಚಾಚಾ ಬೆನ್ನು ನೆಟ್ಟಗಾಯ್ತು. ಲೀಡರ್ ಮುಂದೆ ಕೈ ಚಾಚಿದರು.

"ಟಿಕೆಟ್."

ಲೀಡರ್ ಎಲ್ಲಾ ಜೇಬು ತಡಕಿ ಒಂದು ವಿಸಿಟಿಂಗ್ ಕಾರ್ಡ್ ಕೊಟ್ಟರು. ಚಾಚಾ ಅದನ್ನ ಅರ್ಧಕ್ಕೆ ಹರಿದು, ಅರ್ಧ ವಾಪಸ್ ಕೊಟ್ಟು, "ಇದು ಈ ಶೋದ್ದಲ್ಲ" ಅಂದರು.

"ಚಾಚಾ, ಅವರು ಗೆಸ್ಟು!" ಅಂತ ಓನರ್ ಅಡ್ಡ ಬಂದರು.

"ಸಾಹೇಬ್ರೆ, ನಿಮ್ಮ ಟಿಕೆಟ್?"

ಜನ ಕುರ್ಚಿ ಬಡಿದು ಕೂಗಿದ ಕೂಗಿಗೆ ಹನ್ನೆರಡು ಜನವೂ ಶಾಲು ಸಮೇತ ಮೆಟ್ಟಿಲು ಇಳಿದರು. ಚಾಚಾ ತಮ್ಮ ಸೀಟಲ್ಲಿ ಕೂತರು. ಹೆಸರು ಬರೋದರಿಂದ ಹಿಡಿದು ಪರದೆ ಬಿಳಿ ಆಗೋವರೆಗೂ ಅಲ್ಲಾಡಲಿಲ್ಲ. ಲೈಟ್ ಬಂತು.

"ಹೆಂಗಿತ್ತು ಚಾಚಾ?"

ಅವರು ಸೀಟಿಂದ ಎದ್ದರು. ದಡದಡ ಇಳಿದು ಹೋಗಿ ಓನರ್ ರೂಮಿನ ಬಾಗಿಲು ಗುದ್ದಿದರು.

"ಸಾಹೇಬ್ರೆ, ಬಾಗಿಲು ತೆಗೀರಿ! ಮೂವತ್ತು ವರ್ಷ ಕಾದು ಕೂತ್ರೆ ಇಂಥಾ ದರಿದ್ರ ಸಿನಿಮಾ ತೋರಿಸ್ತೀರಾ? ಇದು ಲೆಕ್ಕಕ್ಕಿಲ್ಲ! ನಾಳೆ ಒಳ್ಳೇದೊಂದು ಹಾಕಿ, ಆಮೇಲೆ ಮುಚ್ಕೊಳ್ಳಿ!"