ಈಶಾನ್ಯದ ಕಕ್ಕಸು

ಆ ಭಾನುವಾರ ಷಿಕಾಗೋ ಬಳಿಯ ಲೆಮಾಂಟ್ ದೇವಸ್ಥಾನದಲ್ಲಿ ಉಪೇಂದ್ರ ಎರಡನೇ ಸಲ ಪುಳಿಯೋಗರೆ ಹಾಕಿಸಿಕೊಳ್ಳದೆ ಎದ್ದದ್ದೇ ತಪ್ಪಾಯಿತು. ಎದುರಿಗೆ ಕೂತಿದ್ದ ಶೇಷಗಿರಿಯವರ ಕಣ್ಣು ತಕ್ಷಣ ಕಿರಿದಾಯಿತು.

"ಏನಯ್ಯಾ, ಒಂದೇ ಸಲ? ಹುಷಾರಿಲ್ವಾ? ಇಲ್ಲಾ ಎಲ್ಲಿಗಾದ್ರೂ ಹೋಗ್ಬೇಕಾ?"

"ಹಾಗೇನಿಲ್ಲ ಅಂಕಲ್," ಎಂದು ಉಪೇಂದ್ರ ತಟ್ಟೆಯ ಸಮೇತ ಜಾರಿಕೊಳ್ಳಲು ನೋಡಿದ. ಅವನ ಹೆಂಡತಿ ಪದ್ಮ, ಪಾಪ, ಸುಳ್ಳು ಹೇಳಿ ಅಭ್ಯಾಸವಿಲ್ಲದವಳು. "ಹೊಸ ಮನೆ ನೋಡೋಕೆ ಹೋಗ್ತಿದೀವಿ," ಎಂದುಬಿಟ್ಟಳು.

ಉಪೇಂದ್ರ ಮನೆ ಕೊಳ್ಳಲು ಹೊರಟದ್ದೇ ಶೇಷಗಿರಿಯವರಿಂದ ತಪ್ಪಿಸಿಕೊಳ್ಳಲು. ವೆಸ್ಟ್‌ಮಂಟ್‌ನ ಅಪಾರ್ಟ್‌ಮೆಂಟಿನಲ್ಲಿ ಅವರದು ಇವನ ಮೇಲಿನ ಮನೆ. ಇಲ್ಲಿ ಕುಕ್ಕರ್ ಕೂಗಿದರೆ "ಬೇಳೆಗೆ ಮೂರು ವಿಸಿಲ್ ಸಾಕಿತ್ತು" ಎಂದು ಅಲ್ಲಿಂದ ಫೋನ್ ಬರುತ್ತಿತ್ತು. ಡೆಸ್ ಪ್ಲೇನ್ಸ್‌ನ ಆಫೀಸಿನಿಂದ ಒಂದು ದಿನ ಬೇಗ ಬಂದರೆ, "ಲೇ ಆಫ್ ಆಯ್ತೇನಯ್ಯಾ?" ಎಂದು ಬಾಲ್ಕನಿಯಿಂದಲೇ ಊರಿಗೆಲ್ಲ ಕೇಳುವಂತೆ ವಿಚಾರಣೆ. ರಿಸೆಷನ್ ಬಂದ ಮೇಲೆ ಶೇಷಗಿರಿಯವರ ಕಂಪನಿ ಕೈತುಂಬ ದುಡ್ಡು ಕೊಟ್ಟು ಅವರನ್ನು ಮನೆಗೆ ಕಳಿಸಿತ್ತು. ಹಾಗಾಗಿ ಈ ಸೇವೆ ಈಗ ಹಗಲೆಲ್ಲ ಸಿಗುತ್ತಿತ್ತು. ಅವರ ಕಣ್ಣು ಕಿವಿ ತಲುಪದಷ್ಟು ದೂರದಲ್ಲಿ ಒಂದು ಸೂರು ಸಿಕ್ಕರೆ ಸಾಕೆಂದು ಉಪೇಂದ್ರ ಕಂಡ ದೇವರಿಗೆಲ್ಲ ಕೈಮುಗಿದಿದ್ದ.

"ಇಬ್ಬರೇ ಹೋಗಿ ಮನೆ ನೋಡ್ತಾರೇನಯ್ಯಾ? ದೊಡ್ಡೋರು ಅಂತ ನಾವು ಯಾಕಿದೀವಿ?" ಎಂದು ಶೇಷಗಿರಿ ಎದ್ದು ಕೈ ತೊಳೆದರು. ಅವರ ಹೆಂಡತಿ ಭಾನು ಎದ್ದರು. ಧಾರವಾಡದ ಕಡೆಯ ಶಿವಕ್ಕ, "ನಾನೂ ಬರ್ತೀನಿ, ಮನ್ಯಾಗ ಕುಂತು ಏನ್ ಮಾಡ್ಲಿ," ಎಂದು ಮಗ ಸೊಸೆಯನ್ನೂ ಎಬ್ಬಿಸಿದರು. ಅವರು ಎದ್ದರಲ್ಲ ಎಂದು ಪಕ್ಕದ ಮೇಜಿನವರೂ ಎದ್ದರು.

ಹೊಸ ಬಡಾವಣೆಯ ಹೆಸರು ಕಾರ್ನ್‌ವಾಲ್ ಶೋರ್ಸ್. ಇಂಗ್ಲೆಂಡಿನ ಕಡಲತೀರದ ಹೆಸರನ್ನು ತಂದು ಇಲಿನಾಯ್‌ನ ಜೋಳದ ಹೊಲಕ್ಕೆ ಇಟ್ಟಿದ್ದರು. ಕಡಲಿನ ಲೆಕ್ಕಕ್ಕೆ ಒಂದು ಹೊಂಡ, ಅದರಲ್ಲಿ ಒಂದಿಷ್ಟು ಬಾತು. ಕಟ್ಟಿ ಮುಗಿದಿದ್ದ ಮನೆಗಳು ಅಕ್ಕಪಕ್ಕದ ಎರಡೇ, ಉಳಿದದ್ದೆಲ್ಲ ಆಳೆತ್ತರದ ಹುಲ್ಲು. ಗಿರಾಕಿಯ ಮುಖ ಕಂಡು ಎಷ್ಟೋ ತಿಂಗಳಾಗಿದ್ದ ಸೇಲ್ಸಿನ ಡೆಬ್ರಾ, ಫೋನಿನಲ್ಲಿ ಅಳುವುದೊಂದು ಬಾಕಿ ಎಂಬಂತೆ ದೊಡ್ಡ ರಿಯಾಯಿತಿಗೆ ಒಪ್ಪಿದ್ದಳು.

ಈಗ ಕಿಟಕಿಯಿಂದ ನೋಡುತ್ತಾಳೆ, ಮದುವೆ ದಿಬ್ಬಣದ ಹಾಗೆ ಒಂದರ ಹಿಂದೊಂದು ಕಾರು! ಸೀರೆಗಳು ಇಳಿದವು, ಪಂಚೆಗಳು ಇಳಿದವು, ಮಿನಿವ್ಯಾನಿನಿಂದ ಶಿವಕ್ಕ ಇಳಿದರು. ರಿಸೆಷನ್ ಮುಗಿದೇ ಹೋಯಿತೆಂದುಕೊಂಡ ಡೆಬ್ರಾಳ ಬೆನ್ನು ನೆಟ್ಟಗಾಯಿತು. ಉಪೇಂದ್ರನ ಕೈ ಕುಲುಕಿ, ಆ ರಿಯಾಯಿತಿ ಇನ್ನು ಕಷ್ಟ, ಕೊಳ್ಳಲು ಎಷ್ಟು ಜನ ಬಂದಿದ್ದಾರೆ ನೋಡಿ ಎಂದು ನಕ್ಕಳು.

ಉಪೇಂದ್ರನಿಗೆ ಹೊಟ್ಟೆ ಉರಿದು ಹೋಯಿತು. ಯಾರಿಂದ ಓಡಬೇಕೆಂದಿದ್ದನೋ ಅವರೇ ಹಿಂದೆ ಬಂದು ಮನೆಯ ಬೆಲೆ ಏರಿಸಿದ್ದರು. ಹಾಗೆ ಹಲ್ಲು ಕಡಿಯುತ್ತ ನಿಂತವನಿಗೆ ಒಂದು ಉಪಾಯ ಹೊಳೆಯಿತು. ಇವರಿಗೆ ಬೇರೇನೂ ಬರದಿದ್ದರೂ ತಪ್ಪು ಹುಡುಕುವುದು ಚೆನ್ನಾಗಿ ಬರುತ್ತದಲ್ಲ!

"ಅಂಕಲ್, ಈ ಮನೆ ವಾಸ್ತು ಹೇಗಿದೆ, ಸ್ವಲ್ಪ ನೋಡಿ ಹೇಳ್ತೀರಾ?"

ಉಪೇಂದ್ರ ತಾನಾಗಿಯೇ ಸಲಹೆ ಕೇಳಿದ್ದು ಇದೇ ಮೊದಲು. ಶೇಷಗಿರಿಯವರ ಮುಖ ಮೊರದಗಲವಾಯಿತು. ಕೀ ಚೈನಿನ ದಿಕ್ಸೂಚಿ ಹಿಡಿದು ಒಳಹೊಕ್ಕವರು ಎರಡೇ ನಿಮಿಷಕ್ಕೆ ಕಿರುಚಿದರು.

"ಅಯ್ಯಯ್ಯೋ! ಈಶಾನ್ಯದಲ್ಲಿ ಕಕ್ಕಸು! ದೇವಮೂಲೆ ಕಣಯ್ಯಾ ಅದು! ಒಲೆ ನೋಡಿದ್ರೆ ನೈಋತ್ಯದಲ್ಲಿದೆ, ಯಜಮಾನನ ಕೆಲ್ಸ ಉಳಿಯಲ್ಲ. ರಸ್ತೆ ಬೇರೆ ನೇರ ಬಂದು ಬಾಗಿಲಿಗೇ ಗುದ್ದುತ್ತೆ!"

"ಯವ್ವಾ, ಇದೇನ್ ಮನೀನ?" ಎಂದು ಶಿವಕ್ಕ ಅಡುಗೆಮನೆಯ ನಡುವೆ ನಿಂತು ಕೇಳಿದರು. "ದೇವರನ್ನ ಎಲ್ಲಿ ಇಡ್ತೀರಿ, ಗ್ಯಾರೇಜಿನ್ಯಾಗ?"

ಒಂದೊಂದನ್ನೂ ಉಪೇಂದ್ರ ಸಾವಿನ ಸುದ್ದಿ ಹೇಳುವವನಂತೆ ಡೆಬ್ರಾಗೆ ಇಂಗ್ಲಿಷಿನಲ್ಲಿ ಒಪ್ಪಿಸಿದ. ಅವಳಿಗೆ ನೈಋತ್ಯ ತಿಳಿಯಲಿಲ್ಲ, ಆದರೆ ಇಡೀ ದಿಬ್ಬಣ ತಲೆಯಾಡಿಸುತ್ತ ಕಾರುಗಳ ಕಡೆ ಹೊರಟದ್ದು ತಿಳಿಯಿತು. ಓಡಿ ಹೋಗಿ ಬಿಲ್ಡರಿಗೆ ಫೋನ್ ಹಚ್ಚಿದಳು. ಹೋದ ರಿಯಾಯಿತಿ ಮರಳಿ ಬಂತು. ಶಿವಕ್ಕ ಮೆಟ್ಟಿಲ ಬಳಿ ಇನ್ನೊಮ್ಮೆ ನಿಟ್ಟುಸಿರು ಬಿಟ್ಟದ್ದಕ್ಕೆ ಬೇಸ್‌ಮೆಂಟಿನ ಕೆಲಸ ಪುಕ್ಕಟೆಯಾಯಿತು. ಭಾನು ಬರೀ "ಛೆ" ಎಂದದ್ದಕ್ಕೆ ಅಡುಗೆಕಟ್ಟೆಗೆ ಗ್ರಾನೈಟ್ ಬಂತು. ಷಿಕಾಗೋ ಸೀಮೆಯಲ್ಲಿ ಯಾರಿಗೂ ಸಿಗದ ಬೆಲೆಗೆ ಮನೆ ಇಳಿದು ನಿಂತಿತು. ಉಪೇಂದ್ರನಿಗೆ ಕುಣಿಯುವಷ್ಟು ಖುಷಿಯಾಗಿ, ಹೊಂಡದ ಬಳಿ ನಿಂತಿದ್ದ ಪದ್ಮಳ ಹತ್ತಿರ ಓಡಿದ.

"ಗೆದ್ದೆ ಕಣೇ! ಬಾ, ಸೈನ್ ಮಾಡೋಣ."

"ನಾನಂತೂ ಆ ಮನೆಗೆ ಕಾಲಿಡಲ್ಲ ರೀ," ಎಂದಳು ಪದ್ಮ. ಅವಳ ಕಣ್ಣಲ್ಲಿ ನೀರಿತ್ತು.

"ಅಯ್ಯೋ ಪೆದ್ದಿ, ಅದೆಲ್ಲ ಬೆಲೆ ಇಳಿಸೋಕೆ ಆಡಿಸಿದ ನಾಟಕ!"

"ನಾಟಕ ಮುಗೀತು ಅಂತ ಕಕ್ಕಸು ಈಶಾನ್ಯದಿಂದ ಎದ್ದು ಹೋಗುತ್ತಾ?"

ಉಪೇಂದ್ರ ಅಂಗಲಾಚಿದ, ರೇಗಿದ, ಬಾತುಗಳೆದುರು ಆಣೆ ಹಾಕಿದ. ಪದ್ಮ ಜಗ್ಗಲಿಲ್ಲ. ಕೊನೆಗೆ ಅವಳೇ ಪಕ್ಕದ ಮನೆಯತ್ತ ಕೈ ತೋರಿಸಿದಳು. ಅದೇ ನಕ್ಷೆ, ಕನ್ನಡಿಯಲ್ಲಿ ನೋಡಿದ ಹಾಗೆ ತಿರುವಿ ಕಟ್ಟಿದ್ದು. ಕಕ್ಕಸು ವಾಯವ್ಯಕ್ಕೆ ಸರಿದಿತ್ತು, ಒಲೆ ಆಗ್ನೇಯಕ್ಕೆ ಬಂದಿತ್ತು, ರಸ್ತೆಯೂ ಅದರ ತಂಟೆಗೆ ಹೋಗಿರಲಿಲ್ಲ.

ಉಪೇಂದ್ರ ಸೇಲ್ಸ್ ಆಫೀಸಿಗೆ ಬಂದಾಗ ಪರಿವಾರವೆಲ್ಲ ಡೆಬ್ರಾ ಇಟ್ಟಿದ್ದ ಕುಕೀ ತಿನ್ನುತ್ತಿತ್ತು. ಅದೇ ಬೆಲೆಗೆ ಪಕ್ಕದ ಮನೆ ಕೊಡಿ ಎಂದ. ಡೆಬ್ರಾ ಅಷ್ಟೇ ನಯವಾಗಿ, ರಿಯಾಯಿತಿ ಕೊಟ್ಟಿದ್ದು ದೋಷಗಳಿಗೆ, ಇದರಲ್ಲಿ ಒಂದೂ ಇಲ್ಲವಲ್ಲ ಎಂದಳು. ಉಪೇಂದ್ರ ಪೆನ್ನು ಕೈಗೆತ್ತಿಕೊಂಡ. ಹೋಗಲಿ, ದುಡ್ಡು ಹೋದರೆ ಸಂಪಾದಿಸಬಹುದು, ಮೇಲಿನ ಮನೆಯ ಕಾಟವಂತೂ ಇವತ್ತಿಗೆ ಮುಗಿಯಿತು! ಎದೆಯುಬ್ಬಿಸಿ ಪೂರ್ತಿ ಬೆಲೆಗೆ ಸಹಿ ಹಾಕಿ, ಮುಂಗಡದ ಚೆಕ್ಕನ್ನೂ ಕೊಟ್ಟ. ಪದ್ಮ ನಕ್ಕಳು. ಶಿವಕ್ಕ ಚಪ್ಪಾಳೆ ತಟ್ಟಿದರು. ಇಷ್ಟು ಹಗುರಾಗಿ ಅವನು ಉಸಿರಾಡಿ ವರ್ಷಗಳಾಗಿದ್ದವು.

ಡೆಬ್ರಾ ಕಣ್ಣೊರೆಸಿಕೊಂಡು, ಒಂದೇ ದಿನ ಎರಡು ಮನೆ ಮಾರಿದ್ದು ತನ್ನ ಜನ್ಮದಲ್ಲಿ ಇದೇ ಮೊದಲು ಎಂದಳು.

"ಎರಡಾ? ಆ ದೋಷದ ಮನೆ ಯಾರು ತಗೊಂಡ್ರು?"

ಶೇಷಗಿರಿ ಕುಕೀಯ ಪುಡಿ ಒರೆಸಿಕೊಂಡು ಮುಂದೆ ಬಂದರು. "ನಾನೇ ಕಣಯ್ಯಾ! ಪದ್ಮ ಬೇಡ ಅಂತ ನೀವಿಬ್ರೂ ಹೊರಗೆ ಕಿತ್ತಾಡ್ತಿದ್ರಲ್ಲಾ, ಅಷ್ಟರಲ್ಲಿ ಆ ಇಳಿಸಿದ ಬೆಲೆಗೇ ಸೈನ್ ಮಾಡ್ಬಿಟ್ಟೆ."

"ಅಂಕಲ್, ಆ ವಾಸ್ತು..."

"ನಾನು ಇಂಜಿನಿಯರು, ಅದನ್ನೆಲ್ಲ ನಂಬ್ತೀನಾ? ನೀನು ಕೇಳ್ದೆ, ಹೇಳ್ದೆ." ಉಪೇಂದ್ರನ ಕೈಯಲ್ಲಿದ್ದ ಕಾಗದಕ್ಕೆ ಇಣುಕಿ ನೋಡಿದವರೇ ಅವನ ಹೆಗಲ ಮೇಲೆ ಕೈ ಹಾಕಿದರು. "ಫುಲ್ ಪ್ರೈಸ್ ಕೊಟ್ಯಾ? ಛೆ ಛೆ, ಸೈನ್ ಮಾಡೋಕ್ಮುಂಚೆ ನನ್ನನ್ನ ಒಂದು ಮಾತು ಕೇಳ್ಬಾರ್ದಿತ್ತೇನಯ್ಯಾ?"