ನೀಲಕಂಠಪ್ಪನವರ ಮಾತಿಗೆ ಉಲ್ಟಾ

ಎಲ್ಲ ಅನಾಹುತಕ್ಕೂ ಕಾರಣ ಒಂದು ರುಜು. ಅದನ್ನು ಹಾಕಬೇಕಾದವರು ಜಯನಗರದ ಅನಂತಪದ್ಮನಾಭ. ಬ್ಯಾಂಕಿನಲ್ಲಿ ದಿನವೆಲ್ಲ ರುಜು ಗೀಚುವ ಆಸಾಮಿ, ಮಗಳ ವಿಷಯ ಬಂದರೆ ಮಾತ್ರ ಪೆನ್ನಿನ ಮುಚ್ಚಳ ತೆಗೆಯಲೂ ಹತ್ತು ಜನರನ್ನು ಕೇಳುತ್ತಿದ್ದರು.

ಮಗಳು ಸಮನ್ವಿತಾ ಅಮೆರಿಕದ ಕಾಲೇಜಿಗೆ ಅರ್ಜಿ ಹಾಕುವವಳು. ಅಲ್ಲಿ 'ಅರ್ಲಿ ಡಿಸಿಷನ್' ಅಂತ ಒಂದು ಪದ್ಧತಿ. ಬೇಗ ಹಾಕಿದರೆ ಸೀಟು ಸಿಗುವ ಸಂಭವ ಹೆಚ್ಚು. ಆದರೆ ಒಂದೇ ಕಾಲೇಜಿಗೆ ಹಾಕಬೇಕು, ಸಿಕ್ಕಿದರೆ ಹೋಗಲೇಬೇಕು, ಹಾಗೆಂದು ಅಪ್ಪನೂ ರುಜು ಹಾಕಿಕೊಡಬೇಕು. ತಾಂಬೂಲ ಬದಲಾಯಿಸಿದ ಮೇಲೆ ಗಂಡಿನ ಮೂಗು ಸರಿಯಿಲ್ಲ ಅನ್ನುವಂತಿಲ್ಲವಲ್ಲ, ಹಾಗೆ. ಸಮನ್ವಿತಾಗೆ ಸರೋವರದ ಪಕ್ಕದ ಕಾಲೇಜೆಂದರೆ ಪ್ರಾಣ. ಅಪ್ಪನಿಗೆ ಗುಡ್ಡದ ಮೇಲಿನ ಕಾಲೇಜೇ ಭದ್ರ ಅನ್ನಿಸುತ್ತಿತ್ತು. ಇವತ್ತು ಸಂಜೆ ಐದಕ್ಕೆ ಸ್ಕೂಲಿನವರು ಅರ್ಜಿ ಕಳಿಸಿಬಿಡುತ್ತಾರೆ.

ಬೆಳಿಗ್ಗೆ ಹಾಲಿನ ಬೂತಿನಲ್ಲಿ ಪಕ್ಕದ ಮನೆಯ ಉಮಾಮಹೇಶ್ವರಿ ಹಿಡಿದುಕೊಂಡರು. ಈಗಿನ ಮೊದಲನೇ ಸುತ್ತಿಗೆ ಹಾಕುವವರು ದಡ್ಡರು, ಜನವರಿಯ ಎರಡನೇ ಸುತ್ತಿಗೆ ಕಾಯಿರಿ ಎಂದು ಉಪದೇಶವಾಯಿತು. ಬ್ಯಾಂಕಿನಲ್ಲಿ ಮ್ಯಾನೇಜರು, ಎರಡನೇ ಸುತ್ತಿನಲ್ಲಿ ಉಳಿಯುವುದು ಎಲೆ ಎತ್ತಿದ ಮೇಲಿನ ಅನ್ನ ಅಂದರು. ಮಧ್ಯಾಹ್ನದ ಹೊತ್ತಿಗೆ ಅನಂತಪದ್ಮನಾಭರ ತಲೆ ಬೋಂಡಾ ಹಿಟ್ಟಾಗಿತ್ತು. ರಜೆ ಹಾಕಿ ಮನೆಗೆ ಬಂದರೆ, ಗೇಟಿನ ಹತ್ತಿರ ಮೇಲಿನ ಮನೆಯ ನೀಲಕಂಠಪ್ಪ.

ಈ ನೀಲಕಂಠಪ್ಪನವರ ಬಗ್ಗೆ ಹೇಳಲೇಬೇಕು. ಅವರು ಹೇಳಿದ್ದು ಒಂದೂ ನಿಜವಾದ ಚರಿತ್ರೆಯಿಲ್ಲ. 'ಇವತ್ತು ಮಳೆ ಬರಲ್ಲ' ಅಂದರೆ ಬೀದಿಯ ಹೆಂಗಸರೆಲ್ಲ ತಾರಸಿಗೆ ಓಡಿ ಹಪ್ಪಳ ಎತ್ತುತ್ತಿದ್ದರು. ಅವರು ಹೊಗಳಿದ ಹೋಟೆಲು ತಿಂಗಳಲ್ಲಿ ಬಾಗಿಲು ಹಾಕಿತ್ತು. ಏನೇ ಇರಲಿ, ಅವರನ್ನು ಕೇಳಿ ಉಲ್ಟಾ ಮಾಡುವುದು ಆ ಬೀದಿಯ ಶಾಸ್ತ್ರ. ಅವರ ಮೊಮ್ಮಗಳು ಇಂಚರ ಸಮನ್ವಿತಾಳ ಕ್ಲಾಸಿನವಳೇ, ಆದ್ದರಿಂದ ಕಾಲೇಜುಗಳ ವಿಷಯವೆಲ್ಲ ಅವರಿಗೆ ಗೊತ್ತಿತ್ತು.

"ಕಣ್ಣು ಮುಚ್ಕೊಂಡು ಸರೋವರದ ಕಾಲೇಜಿಗೆ ಹಾಕ್ಸಿ ಸಾರ್," ಅಂದರು. "ಚಿನ್ನದಂಥ ಕಾಲೇಜು. ನಿಮ್ ಮಗಳಿಗೆ ಸಿಕ್ಕೇ ಸಿಗತ್ತೆ."

ಅನಂತಪದ್ಮನಾಭರಿಗೆ ಅಷ್ಟೇ ಸಾಕಾಯಿತು. ಮುಗಿಯಿತು ಸರೋವರದ ಕತೆ.

ಒಳಗೆ ಬಂದವರೇ ಗುಡ್ಡದ ಕಾಲೇಜು ಎಂದು ತೀರ್ಪು ಕೊಟ್ಟರು. ಮಗುವಿನ ಆಸೆ ಕೇಳಿ ಎಂದು ಹೆಂಡತಿ ವಿಮಲಾ ಗೋಗರೆದರು. ಸಮನ್ವಿತಾ ಅತ್ತಳು, ಊಟ ಬಿಟ್ಟಳು. ಕೊನೆಗೆ "ಆಯ್ತಪ್ಪಾ, ನಿನ್ನಿಷ್ಟ" ಎಂದು ಲ್ಯಾಪ್‌ಟಾಪನ್ನು ಅವರ ಕಡೆ ತಿರುಗಿಸಿದಳು. ಅನಂತಪದ್ಮನಾಭ ಒಮ್ಮೆ ಮಗಳ ಮುಖ ನೋಡಿದರು. ಆದರೂ ರುಜು ಹಾಕಿದರು.

ಐದು ದಾಟಿದ ಮೇಲೆ ಬಾಗಿಲು ಬಡಿದ ಸದ್ದು. ನೀಲಕಂಠಪ್ಪ, ಕೈಯಲ್ಲಿ ಮೈಸೂರು ಪಾಕಿನ ಡಬ್ಬಿ.

"ನಮ್ಮ ಇಂಚರಾದೂ ಅರ್ಜಿ ಹೋಯ್ತು ಸಾರ್. ಸರೋವರದ ಕಾಲೇಜಿಗೆ."

ಬಾಯಿಗಿಡಲು ಹೋದ ಮೈಸೂರು ಪಾಕನ್ನು ಅನಂತಪದ್ಮನಾಭ ಡಬ್ಬಿಗೇ ವಾಪಸ್ ಹಾಕಿದರು. "ನಂಗೂ ಅದನ್ನೇ ಹೇಳಿದ್ರಲ್ಲ ನೀವು?"

"ಹೇಳ್ದೆ. ನಿಜಾನೇ ಹೇಳ್ದೆ. ಒಂದು ಸ್ಕೂಲಿಂದ ಒಬ್ಬರನ್ನ ತಗೊಂಡ್ರೆ ಹೆಚ್ಚಂತೆ. ನಿಮ್ಮ ಹುಡುಗಿ ಹಾಕಿದ್ರೆ ನಮ್ಮದಕ್ಕೆಲ್ಲಿ ಸಿಗ್ತಿತ್ತು?" ನೀಲಕಂಠಪ್ಪನವರು ದನಿ ತಗ್ಗಿಸಿದರು. "ನಾನೇನು ಹೇಳಿದ್ರೂ ಈ ಬೀದಿಯವರು ಉಲ್ಟಾ ಮಾಡ್ತಾರೆ ಅಂತ ನಂಗೊತ್ತಿಲ್ವಾ? ಹಪ್ಪಳ ಎತ್ತೋದನ್ನ ಮೇಲಿಂದ ನೋಡ್ತಾನೇ ಇರ್ತೀನಿ."

ಒಳಗೆ ಸಮನ್ವಿತಾಳ ಕೋಣೆಯ ಬಾಗಿಲು ಧಡಾರನೆ ಹಾಕಿಕೊಂಡಿತು. ಅವಳು ಎಲ್ಲ ಕೇಳಿಸಿಕೊಂಡಿದ್ದಳು.

ನೀಲಕಂಠಪ್ಪನವರಿಗೂ ಅಯ್ಯೋ ಪಾಪ ಅನ್ನಿಸಿರಬೇಕು. ಭುಜ ತಟ್ಟಿ ಹೇಳಿದರು: "ಯೋಚನೆ ಮಾಡ್ಬೇಡಿ ಸಾರ್. ಗುಡ್ಡದ ಕಾಲೇಜಲ್ಲಿ ಮಗು ನಾಲ್ಕು ವರ್ಷ ಸುಖವಾಗಿರತ್ತೆ. ಇದು ನನ್ನ ಮಾತು."

ಅನಂತಪದ್ಮನಾಭ ಆ ರುಜು ಅಳಿಸಲಾಗುತ್ತದೆಯೇ ನೋಡಲು ಲ್ಯಾಪ್‌ಟಾಪಿನ ಕಡೆ ಓಡಿದರು.